ಜೋಳದ ಹೊಲದ ಹಕ್ಕಿ, ತವರಿನ ಫೋಟೊ

ಆಲ್ಮಾಟಿ, ಕಜಾಕಸ್ತಾನ
ಜುಲೈ 18

ತೀರ್ಥರೂಪ ಅಪ್ಪನವರಿಗೆ, ಅವ್ವನಿಗೆ ನಿಮ್ಮ ಮಗಳ ಶರಣು ಶರಣಾರ್ಥಿ.

ನಾ ಇಲ್ಲಿ ಆರಾಮ ಅದೀನಿ. ಪರೀಕ್ಷಾ ಮುಗದಾವ, ಪಾಸಾಗೀನಿ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನಾ ಅದ. ಇವತ್ತಿನ ಪತ್ರ ಪೂರಾ ಹಕ್ಕಿ ಸಲುವಾಗಿ. ಫೋಟೊ ತಮ್ಮನ ಫೋನಿಗಿ ಕಳಿಸೀನಿ, ಪತ್ರ ಓದಕೊಂತ ಒಂದೊಂದೇ ನೋಡ್ರಿ.

ಅಪ್ಪಾ, ಬಿಳಿಜೋಳ ಹಾಲುಗಾಳು ಹಿಡದಾಗ ನಮ್ಮ ಹೊಲದ ಮ್ಯಾಗ ಒಮ್ಮಿಗೇ ಬಂದು ಬೀಳ್ತಾವಲ್ಲ, ನೀವು ಅಟ್ಟದ ಮ್ಯಾಗ ನಿಂತು ಕವಣಿ ಬೀಸಿ ಬೀಸಿ ರಟ್ಟಿ ನೋಯಿಸ್ಕೋತೀರಲ್ಲ, ಆ ಹಕ್ಕಿಗಳ ತವರು ಈ ಕಡಿ ಅದ. ಗುಲಾಬಿ ಮೈನಾ ಅಂತಾರ. ಆಲ್ಮಾಟಿಯಿಂದ ವಾಯವ್ಯಕ್ಕ ಸುಮಾರು 170 ಕಿ.ಮೀ. ಹೋದ್ರ ತಮ್‌ಗಾಲಿ ಅಂತ ಕಣಿವಿ ಸಿಗ್ತದ. ಕಂಚಿನ ಯುಗದ ಮಂದಿ ಬಂಡೆಗಲ್ಲಿನ ಮ್ಯಾಗ ಕೊರೆದ ಚಿತ್ರ ಸಾವಿರಗಟ್ಟಲೆ ಅವ, 2004ರಾಗ ಯುನೆಸ್ಕೊ ಪಟ್ಟಿಗಿ ಸೇರ್ಯಾವ. ಎಲ್ಲಾರೂ ಆ ಚಿತ್ರ ನೋಡ್ಲಾಕ ಹೋಗ್ತಾರ. ನಾ ಜೂನ್‌ದಾಗ ಹಕ್ಕಿ ಹುಡಕೊಂಡು ಹೋಗಿದ್ದೆ.

ಕಲ್ಲಿನ ಸಂದಿ ಸಂದಿಗೂ ಗೂಡು! ತಂದಿ-ತಾಯಿ ಎರಡೂ ಬಾಯ್ತುಂಬ ಮಿಡತಿ ಹಿಡಕೊಂಡು ಬರ್ತಾವ, ಮರಿಗಿ ತುರುಕಿ ಮತ್ತ ಹಾರ್ತಾವ. ಮಿಡತಿ ಎಲ್ಲಿ ಭಾಳ ಅದೋ ಆ ವರ್ಷದ ಸಂಸಾರ ಅಲ್ಲೇ. ಮರುವರ್ಷ ಮಿಡತಿ ಕಡಿಮಿ ಆದ್ರ ಆ ಗುಡ್ಡ ಖಾಲಿ. ನೆನಪದ ಏನ್ರಿ, 2020ರ ಮೇದಾಗ ಮಿಡತಿ ಹಿಂಡು ಮಹಾರಾಷ್ಟ್ರದ ತನಕ ಬಂದು, ಬೀದರ್, ಕಲಬುರಗಿ ಕಡಿ ಎಚ್ಚರಿಕಿ ಕೊಟ್ಟಿದ್ರು? ಇಲ್ಲಿಯ ಮಿಡತಿ ಜಾತಿ ಬ್ಯಾರೆ, ಅದರ ಹಸಿವು ಅಷ್ಟೇ ಕೆಟ್ಟದು. ಅದಕ್ಕ ಇಲ್ಲಿಯ ರೈತರಿಗಿ ಈ ಹಕ್ಕಿ ಬೇಕಾದ ಹಕ್ಕಿ.

ಗಾಡಿ ಒಳಗೇ ಕೂತು, ಕಿಟಕಿ ಮ್ಯಾಗ ಕಾಳು ತುಂಬಿದ ಸಣ್ಣ ಚೀಲ ಇಟ್ಟು, ಅದರ ಮ್ಯಾಗ ಲೆನ್ಸ್ ಊರಿ ತೆಗದೀನಿ. ನಿಂತ ಗಾಡಿಗಿ ಹಕ್ಕಿ ಅಂಜಲ್ಲ, ಇಳದ ಮನಷ್ಯಾಗ ಅಂಜ್ತಾವ. ಬಾಯಾಗ ಮಿಡತಿ ಇದ್ದೂ ಗೂಡಿಗಿ ಹೋಗದೆ ಸುತ್ತಮುತ್ತ ಹಾರ್ಲತ್ತಾವ ಅಂದ್ರ ನಾವು ಭಾಳ ಹತ್ರ ಬಂದೀವಿ ಅಂತಲೇ ಅರ್ಥ. ಆಗ ಹಿಂದ ಸರೀಬೇಕು. ಫೋಟೊ ಹೋದ್ರ ಹೋಗ್ಲಿ, ಮರಿ ಉಪವಾಸ ಬೀಳಬಾರದು. ಏನು ತೆಗೀಬೇಕಂದ್ರೂ ಮುಂಜಾನಿ ಎಂಟರ ಒಳಗೇ. ಆಮ್ಯಾಲ ನಮ್ಮ ಎರಿಹೊಲದಾಗ ಕುಣಿದಂಗ ಇಲ್ಲೂ ಬಿಸಿಲುಗುದರಿ ಕುಣೀತದ, ಲೆನ್ಸ್ ಎಷ್ಟು ದುಬಾರಿ ಇದ್ರೂ ಪುಕ್ಕ ಸ್ಪಷ್ಟ ಬರಲ್ಲ.

ಉಳಿದ ಕಾಲದ ಫೋಟೊನೂ ಅವ. ಏಪ್ರಿಲ್‌ದಾಗ ಬಯಲಿನ ಕಾಡು ಟ್ಯುಲಿಪ್, ಅಕ್ಟೋಬರ್‌ದಾಗ ಹಳದಿ ತಿರುಗಿದ ಬರ್ಚ್ ಗಿಡ, ಜನವರಿದಾಗ ಆಲ್ಮಾಟಿ ಬಾಜೂಕಿನ ಮೆದೆವು ಕಣಿವಿ ಮ್ಯಾಲಿನ ಗುಡ್ಡದ ಹಿಮ. ಹಿಮದ ಬಿಳುಪಿಗಿ ಕ್ಯಾಮೆರಾ ಮೋಸ ಹೋಗಿ ಎಲ್ಲಾ ಬೂದು ಮಾಡ್ತದ, ಒಂದು ಸ್ಟಾಪ್, ಅಂದ್ರ ಎರಡು ಪಟ್ಟು, ಬೆಳಕು ಕೊಡಬೇಕು. ಬ್ಯಾಟರಿ ಅಂಗಿ ಒಳಗ ಬೆಚ್ಚಗ ಇಡಬೇಕು. ಚಂದ ಅವ ಖರೇ. ಆದ್ರ ನನ್ನ ಮನಸ್ಸು ಮೈನಾದ ಮ್ಯಾಗೇ ಅದ, ಯಾಕಂದ್ರ ಅದರ ವರ್ಷದೊಳಗ ನನಗ ಸಿಕ್ಕಿದ್ದು ಸಣ್ಣ ಪಾಲು. ಮೇದಾಗ ಬಂದ್ವು, ಮರಿ ಮಾಡಿದ್ವು, ಈಗಾಗಲೇ ಹೊರಟಾವ. ವರ್ಷದ ಮುಕ್ಕಾಲು ಪಾಲು ಅವು ನಮ್ಮ ದೇಶದಾಗೇ ಇರ್ತಾವ.

ತಮ್ಮಾ, ಅದನ್ನ ನೀನೇ ತೆಗೀಬೇಕು. ಹೊಲದ ಬದುವಿನ ಜಾಲಿ ಗಿಡದ ಹತ್ರ ಒಂದು ಜಾಗಾ ಗೊತ್ತ ಮಾಡ್ಕೊ, ಪ್ರತಿ ಸಲ ಅಲ್ಲೇ ನಿಲ್ಲು. ಹಕ್ಕಿ ಬಂದ ಹೊಸತಿಗೊಮ್ಮಿ, ಎಳ್ಳಮಾಸಿಗೊಮ್ಮಿ, ಶರಣಬಸವೇಶ್ವರ ಜಾತ್ರಿ ಮುಂದ ಒಮ್ಮಿ. ದೊಡ್ಡ ಹಕ್ಕಿ ಮೈ ಮೊದಲು ಮಾಸಿದಂಗ ಇರ್ತದ, ಯಾಕಂದ್ರ ಹೊಸಾ ಪುಕ್ಕದ ತುದಿ ಕಂದು. ಚಳಿಗಾಲ ಪೂರಾ ಆ ತುದಿ ಸವದು ಸವದು, ವಾಪಸ್ ಹೋಗೋ ಹೊತ್ತಿಗಿ ಒಳಗಿನ ಗುಲಾಬಿ ಹೊರಗ ಬರ್ತದ. ಮೂರೂ ಫೋಟೊ ಬಾಜೂಕ ಇಟ್ರ ಆ ಬದಲಾವಣಿ ಕಾಣ್ತದ. ಮುತ್ತುಗ ಹೂ ಬಿಟ್ಟಾಗ ಚಿಂಚೋಳಿ ಕಡಿ ಹೋಗು, ಚಂದ್ರಂಪಳ್ಳಿ ಡ್ಯಾಮಿನ ಆಚೀಚೆ. ಮಕರಂದ ಕುಡೀಲಾಕ ಬಂದೇ ಬರ್ತಾವ. ಅದು 2011ರಿಂದ ವನ್ಯಜೀವಿ ಧಾಮ, ಒಳಗ ಹೋಗೋದಿದ್ರ ಅರಣ್ಯ ಇಲಾಖೆಯವರನ್ನ ಕೇಳಿ ಹೋಗು.

ಅಪ್ಪಾ, ಹೊಲ ಕಾಯೋದು ಬಿಡ್ರಿ ಅಂತ ನಾ ಹೇಳಲ್ಲ. ತೆನಿ ಖಾಲಿ ಆದ್ರ ನಮ್ಮ ಹೊಟ್ಟಿಗೇನು? ಡಬ್ಬಿ ಬಾರಿಸ್ರಿ, ಹೊಳಿಯೋ ಪಟ್ಟಿ ಕಟ್ರಿ. ಕವಣ್ಯಾಗ ಕಲ್ಲು ಮಾತ್ರ ಇಡಬ್ಯಾಡ್ರಿ, ಬರೀ ಸಪ್ಪಳಕ್ಕೇ ಏಳ್ತಾವ. ಆ ಗುಂಪಿನಾಗ ನಾ ಜೂನ್‌ದಾಗ ನೋಡಿದ ಮರಿನೂ ಇರಬಹುದು.

ಈ ವರ್ಷ ತೊಗರಿ ಎಷ್ಟು ಬಿತ್ತೀರಿ, ಜೋಳಕ್ಕ ಯಾವ ಹೊಲ ಬಿಟ್ಟೀರಿ, ಅದನ್ನ ತಮ್ಮನ ಕೈಲೆ ಬರೆಸ್ರಿ. ಅವ್ವಾ, ಮೊದಲನೇ ಗುಂಪು ಕಂಡ ದಿನ ನೀ ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರ್ ಮ್ಯಾಗ ಒಂದು ಗುರುತು ಹಾಕು. ಇಲ್ಲಿಂದ ಕಡೀ ಗುಂಪು ಹೊರಟ ತಾರೀಖು ನಾ ಬರದಿಟ್ಟೀನಿ.

ನಿಮ್ಮ ಮಗಳು