ಕಳ್ಳಿ ಹಣ್ಣೆಲ್ಲ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಪಾಪಾಸುಕಳ್ಳಿ ಹಣ್ಣಿನ ಗುಣಗಳ ಬಗ್ಗೆ ನೀವು ಪ್ರಕಟಿಸಿದ ಬರಹ ಚೆನ್ನಾಗಿತ್ತು, ಆದರೆ ಎಲ್ಲ ತಳಿಯ ಹಣ್ಣೂ ಒಂದೇ ಎನ್ನುವಂತೆ ಬರೆದದ್ದು ಸರಿಯಲ್ಲ. ಕೆಂಪು, ನೇರಳೆ ಹಣ್ಣಿನಲ್ಲಿ ಬೀಟ್‌ರೂಟ್‌ಗೆ ಬಣ್ಣ ಕೊಡುವ ಬೀಟಾಸಯಾನಿನ್ ಜಾಸ್ತಿ. ಹಳದಿ, ಕಿತ್ತಳೆ ಬಣ್ಣದ್ದರಲ್ಲಿ ಬೀಟಾಕ್ಸಾಂಥಿನ್ ಎಂಬ ಹಳದಿ ಬಣ್ಣದ ಅಂಶ ಹೆಚ್ಚು. ಎರಡೂ ಉತ್ಕರ್ಷಣ ನಿರೋಧಕಗಳೇ (ಆಂಟಿಆಕ್ಸಿಡೆಂಟ್), ಅಂದರೆ ಜೀವಕೋಶಗಳಿಗೆ ಆಗುವ ಹಾನಿ ತಡೆಯಲು ನೆರವಾಗುವಂಥವು. ಬಿಳಿ-ಹಸಿರು ತಿರುಳಿನ ಹಣ್ಣಿನಲ್ಲಿ ಇವು ತೀರಾ ಕಡಿಮೆ, ಆದರೂ ವಿಟಮಿನ್ ಸಿ, ನಾರು ಅದರಲ್ಲೂ ಉಂಟು, ಹಾಗಾಗಿ ಅದೇನೂ ಸುಮ್ನೆ ಎಸೆಯುವ ಹಣ್ಣಲ್ಲ.

ಮುಳ್ಳಿನ ಮಾತೇ ಬರಹದಲ್ಲಿ ಇರಲಿಲ್ಲ. ಕಳೆದ ವರ್ಷ ಪುಣೆ ಹತ್ತಿರದ ಸಾಸವಡದ ಕಡೆ ಹೋದಾಗ ಬೇಲಿಯಲ್ಲಿದ್ದ ಕೆಂಪು ಹಣ್ಣು ಕಂಡು ಮೊಮ್ಮಗ ಬರಿಗೈಯಲ್ಲಿ ಕಿತ್ತುಬಿಟ್ಟ. ಕಣ್ಣಿಗೆ ಸರಿಯಾಗಿ ಕಾಣದ ಕೂದಲಿನಂಥ ಮುಳ್ಳು. ರಾತ್ರಿ ಊಟದ ಹೊತ್ತಿಗೂ ದೀಪದ ಕೆಳಗೆ ಕೂತು ಚಿಮಟದಲ್ಲಿ ಒಂದೊಂದಾಗಿ ಕೀಳುತ್ತಿದ್ದೆವು. ಬೀಜವೂ ಗಟ್ಟಿ, ಜಾಸ್ತಿ ನುಂಗಿದರೆ ಮಲಬದ್ಧತೆ ಆಗಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಈ ಹಣ್ಣನ್ನೇ ನಂಬಿ ಕೂರುವುದಂತೂ ಬೇಡ, ಅಲ್ವಾ?

ಮುಂದಿನ ಸಲ ಒಂದೊಂದು ಬಣ್ಣದ ಹಣ್ಣಿನ ಚಿತ್ರ ಹಾಕಿ, ಇಕ್ಕಳದಲ್ಲಿ ಹಿಡಿದು ಮುಳ್ಳು ಸುಟ್ಟು, ಸಿಪ್ಪೆ ಬಿಡಿಸಿ, ರಸ ಸೋಸುವ ಬಗೆಯನ್ನೂ ಜೊತೆಗೆ ಪ್ರಕಟಿಸಿ.

ಓದುಗ, ಕೋಥರೂಡ್, ಪುಣೆ