ಟೈಪಿಸ್ಟ್ ಥರ ಅಂತ ಬರೆದಿದ್ಯಲ್ಲ, ಅದಕ್ಕೆ

ಸಿಂಚು,

ಮೆಸೇಜು ಅನ್ನಬೇಕೋ ಪತ್ರ ಅನ್ನಬೇಕೋ, ಅಷ್ಟುದ್ದ ಬರೆದಿದೀಯಲ್ಲ, ಅದು ಮೊನ್ನೆ ಸಿಕ್ತು. ಇಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟಿಲ್ಲದೆ ನಾಲ್ಕು ದಿನ, ಫೋನ್ ಚಾರ್ಜಿಗೆ ಅಂತ ಮಾದಾಪುರಕ್ಕೆ ಹೋದವನು ಬೇಕರಿ ಬೆಂಚಲ್ಲೇ ಕೂತು ಪೂರ್ತಿ ಓದಿದೆ, ಟೀ ಆರಿ ತಣ್ಣಗಾಯ್ತು. ರೂಮು, ಬಾಡಿಗೆ, ನಿಮ್ಮಮ್ಮನ ಹಠ, ಆ ಹುಡುಗನ ವಿಷಯ, ಅದೆಲ್ಲ ಮನೇಲಿ ಎಲ್ಲರಿಗೂ ಗೊತ್ತಿರೋದೇ, ನಾನು ಬಾಯಿ ಹಾಕಲ್ಲ. ನನ್ನ ನಿದ್ದೆ ಕೆಡಿಸಿದ್ದು ಒಂದೇ ಸಾಲು. "ಮಾವ, ರಿಸೆಪ್ಷನ್‌ಗಳಲ್ಲಿ ಕೀಬೋರ್ಡ್ ನುಡಿಸಿ ನುಡಿಸಿ ಈಗ ಏನೂ ಅನ್ನಿಸ್ತಾನೇ ಇಲ್ಲ, ಟೈಪಿಸ್ಟ್ ಥರ ಕೀ ಒತ್ತಿ ದುಡ್ಡು ತಗೊಂಡು ಬರ್ತೀನಿ, ಆ ಮೊದಲಿನದ್ದು ವಾಪಸ್ ಬರದೇ ಇದ್ರೆ ಏನ್ ಮಾಡ್ಲಿ."

ಟೈಪಿಸ್ಟ್ ಥರ! ಬರೆಯುವಾಗ ಮಾವ 37 ವರ್ಷ ಅದನ್ನೇ ಮಾಡಿದ್ದು ಅನ್ನೋದು ನಿಂಗೆ ಮರೆತಿರುತ್ತೆ ಬಿಡು. ನಿಮ್ಮತ್ತೆಗೆ ಓದಿ ಹೇಳಿದ್ರೆ ಅವಳು ಬಿದ್ದೂ ಬಿದ್ದೂ ನಕ್ಕಳು. ನಂಗೇನೂ ಬೇಜಾರಿಲ್ಲ ಕಣೇ. ಆದರೆ ಆ "ವಾಪಸ್ ಬರದೇ ಇದ್ರೆ" ಅನ್ನೋದಿದೆಯಲ್ಲ, ಅದನ್ನ ನಾನೂ ಒಂದು ಸಲ ನನ್ನನ್ನೇ ಕೇಳಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ, ನಿಮ್ಮತ್ತೆಗೂ ಈ ವಾರವೇ ಹೇಳಿದ್ದು.

ತಾತ ಬಿಡಲಿಲ್ಲ, ಅದಕ್ಕೇ ನಾನು ನಾಟಕ ಕಂಪನಿಗೆ ಹೋಗಲಿಲ್ಲ, ಇದು ತಾನೇ ನೀವೆಲ್ಲ ಕೇಳಿರೋ ಕತೆ? ನಿಮ್ಮಮ್ಮ ಅದನ್ನ ಎಷ್ಟು ಚೆನ್ನಾಗಿ ಹೇಳ್ತಾಳೆ ಅಂದ್ರೆ ನಂಗೇ ನಿಜ ಅನ್ನಿಸಿಬಿಟ್ಟಿತ್ತು. ನಡೆದದ್ದು ಹಾಗಲ್ಲ.

1980, ಕುಶಾಲನಗರದ ಗಣಪತಿ ಜಾತ್ರೆ. ಕಂಪನಿ ಹೆಸರು ಬೇಡ, ಕ್ಯಾಂಪ್ ಹಾಕಿದ್ರು, ಅವರ ಹಾರ್ಮೋನಿಯಂ ಮೇಷ್ಟ್ರಿಗೆ ಜ್ವರ ಬಂತು, ಯಾರೋ ನನ್ನ ಹೆಸರು ಹೇಳಿದ್ರು, ನಾನು 22 ವರ್ಷದ ಹುಡುಗ ಹೋಗಿ ಕಾಲು ಹಾರ್ಮೋನಿಯಂ ಮುಂದೆ ಕೂತೆ. ಹನ್ನೊಂದು ರಾತ್ರಿ. ಮೊದಲನೇ ರಾತ್ರಿ ಪರದೆ ಎದ್ದಾಗ ನನ್ನ ಮೊಣಕಾಲು ನಡುಗಿ ತುಳಿಯೋದೇ ತಪ್ಪಿ ಗಾಳಿ ನಿಂತುಹೋಯ್ತು, ಹೀರೋ ಪಾರ್ಟಿನವನು ಬಾಯಿ ತೆಗೆದು ನಿಂತಿದಾನೆ ಸ್ವರವೇ ಇಲ್ಲ, ಆಮೇಲೆ ಹಿಡ್ಕೊಂಡೆ. ಎರಡು, ಮೂರು, ನಾಲ್ಕನೇ ರಾತ್ರಿ ನಾನು ನೆಲದ ಮೇಲಿರಲಿಲ್ಲ ಅಂದ್ಕೋ. ಬೆಳಗ್ಗೆ ನಾಲ್ಕು ಗಂಟೆಗೆ ನಾಟಕ ಮುಗಿಸಿ ಹೊಳೆ ದಂಡೆಗೆ ಹೋಗಿ ಮುಖ ತೊಳೆದ್ರೂ ಕಿವಿಯೊಳಗೆ ಹಾಡು ನಿಲ್ತಿರಲಿಲ್ಲ.

ಒಂಬತ್ತನೇ ರಾತ್ರಿ, ಅದೇ ಹಾಡು, ಜನ ವನ್ಸ್ ಮೋರ್ ಅಂತ ಕೂಗಿದ್ರು, ಮತ್ತೆ ಶುರು ಮಾಡಿದೆ, ಕೈ ತಾನೇ ಹೋಗ್ತಿದೆ, ನಾನು ಮಾತ್ರ ಪೆಂಡಾಲಿನ ಬಲ್ಬು ಎಣಿಸ್ತಾ ಇದೀನಿ. ಮೂವತ್ತೆರಡು ಇತ್ತು, ಮೂರು ಕೆಟ್ಟಿತ್ತು. ಎಣಿಸಿ ಮುಗಿದ ಮೇಲೆ ಹಾಡು ಮುಗಿದಿರೋದು ಗೊತ್ತಾಯ್ತು. ಜನ ಚಪ್ಪಾಳೆ ಹೊಡೀತಿದಾರೆ, ನಂಗೆ ಹೊಟ್ಟೆಯೊಳಗೆ ಮಂಜುಗಡ್ಡೆ ಇಟ್ಟ ಹಾಗಾಯ್ತು. ಹತ್ತನೇ ರಾತ್ರಿನೂ ಹಾಗೇ. ಹನ್ನೊಂದನೇ ದಿನ ಓನರ್ ಕರೆದು, ನಮ್ಮ ಜೊತೆ ಬಂದುಬಿಡಪ್ಪ, ಊಟ ವಸತಿ ಮೇಲೆ ಸಂಬಳ ಅಂದ್ರು. ಮನೇಲಿ ಕೇಳಿ ಹೇಳ್ತೀನಿ ಅಂದೆ. ಮನೇಲಿ ಕೇಳಲೇ ಇಲ್ಲ ಸಿಂಚು. ತಾತ ಆವತ್ತು ತೋಟದಲ್ಲಿ ಕಾಫಿ ಕುಯ್ಲು ಅಂತ ಆಳುಗಳ ಹಿಂದೆ ಇದ್ರು, ಅವರಿಗೆ ವಿಷಯವೇ ಗೊತ್ತಿಲ್ಲ. ನಾನೇ ವಾಪಸ್ ಹೋಗಿ, ನಮ್ಮಪ್ಪ ಒಪ್ಪಲಿಲ್ಲ ಸಾರ್ ಅಂದೆ. ಮಾರನೇ ವರ್ಷ ಟೈಪಿಂಗ್ ಸೀನಿಯರ್ ಪಾಸಾಗಿತ್ತು, ಕೆಲಸ ಸಿಕ್ತು. ತಾತ ತೀರಿಹೋಗೋವರೆಗೂ ಆ ಅಪವಾದ ಹೊತ್ಕೊಂಡೇ ಇದ್ರು, ಯಾರಾದ್ರೂ ಹಂಗಿಸಿದ್ರೆ ಸುಮ್ಮನೆ ಎಲೆ ಅಡಿಕೆ ಹಾಕ್ಕೊಳ್ತಿದ್ರು, ಅದನ್ನ ನೋಡ್ಕೊಂಡು ನಾನೂ ಸುಮ್ಮನಿದ್ದೆ.

ಇದನ್ನ ನಿಂಗೆ ಯಾಕೆ ಹೇಳ್ತಿದೀನಿ ಅಂದ್ರೆ ನಾನು ಹೆದರಿದ್ದು ತಾತನಿಗಲ್ಲ, ಬಡತನಕ್ಕೂ ಅಲ್ಲ, ಆ ಬಲ್ಬಿಗೆ. ಒಂಬತ್ತು ದಿನಕ್ಕೇ ಹೀಗಾದ್ರೆ ನನ್ನೊಳಗೆ ಇದ್ದದ್ದೇ ಅಷ್ಟು, ಖಾಲಿಯಾಯ್ತು ಅಂದ್ಕೊಂಡೆ. ನೀನು ಈಗ ಅಂದ್ಕೊಳ್ತಿರೋದೂ ಅದೇ ಅಲ್ವಾ.

ಇನ್ನೊಂದಿದೆ. ಆ ಹತ್ತನೇ ರಾತ್ರಿ ಮುಗಿದ ಮೇಲೆ ಜ್ವರದ ಮೇಷ್ಟ್ರ ಹತ್ರ ಹೋಗಿದ್ದೆ, ಟೆಂಟಿನ ಹಿಂದೆ ಟ್ರಂಕುಗಳ ಮಧ್ಯೆ ಕಂಬಳಿ ಹೊದ್ದು ಮಲಗಿದ್ರು. ಮೇಷ್ಟ್ರೇ, ಇವತ್ತು ನುಡಿಸ್ತಾ ನಂಗೆ ಏನೂ ಅನ್ನಿಸ್ಲೇ ಇಲ್ಲ ಅಂದೆ, ಹೆಚ್ಚು ಕಡಿಮೆ ಅಳು ಬಂದಿತ್ತು. ಅವರು ಕಣ್ಣು ಬಿಟ್ಟು, "ಊಟ ಆಯ್ತಾ?" ಅಂದ್ರು, ಆಚೆ ಮಗ್ಗುಲಿಗೆ ತಿರುಗಿದ್ರು. ನಂಗೆ ಎಂಥಾ ಸಿಟ್ಟು ಬಂತು! ಇಷ್ಟು ವರ್ಷ ನುಡಿಸಿ ಈ ಮುದುಕನ ಮನಸ್ಸು ಕಲ್ಲಾಗಿದೆ, ನಾನೂ ಇಲ್ಲೇ ಇದ್ರೆ ಹೀಗೇ ಆಗ್ತೀನಿ ಅಂತ. ಈಗ ನನಗೆ ಅವರಷ್ಟೇ ವಯಸ್ಸು. ಆ ರಾತ್ರಿ ನಾನು ಊಟ ಮಾಡಿರಲಿಲ್ಲ, ನಿಜವಾಗ್ಲೂ.

ನೀನು ಪ್ರೋಗ್ರಾಂಗೆ ಮುಂಚೆ ಏನಾದ್ರೂ ತಿಂತೀಯಾ? ನಿಮ್ಮಮ್ಮ ಹೇಳಿದ್ಲು ಸಾಯಂಕಾಲ ಐದಕ್ಕೆ ಸೌಂಡ್ ಚೆಕ್, ರಾತ್ರಿ ಹನ್ನೊಂದಕ್ಕೆ ಕೇಟರಿಂಗಿನವರು ಮಿಕ್ಕಿದ್ದು ಕೊಟ್ರೆ ಊಟ ಅಂತ. ನೋಡು, ದೊಡ್ಡ ಪ್ರಶ್ನೆ ಕೇಳಿದ್ರೆ ಮಾವ ಊಟದ ವಿಷಯ ಮಾತಾಡ್ತಾನೆ ಅಂತ ನಿಂಗೂ ಸಿಟ್ಟು ಬರುತ್ತೆ, ಬರ್ಲಿ.

ಕಿವಿ ಬಗ್ಗೆಯೂ ಒಂದು ಮಾತು. ಏನೂ ಅನ್ನಿಸ್ತಿಲ್ಲ ಅನ್ನೋದರಲ್ಲಿ ಸ್ವಲ್ಪ ಪಾಲು ಕಿವಿದೇ ಇರಬಹುದು. ಸದ್ದು 85 ಡೆಸಿಬಲ್ ಆದ್ರೆ ದಿನಕ್ಕೆ ಎಂಟು ಗಂಟೆ ತಡೆಯುತ್ತಂತೆ, ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬಲ್‌ಗೆ ಹೊತ್ತು ಅರ್ಧ ಅರ್ಧ ಆಗ್ತಾ ಹೋಗುತ್ತೆ, ಲೆಕ್ಕ ಹಾಕು, 100ಕ್ಕೆ ಬರೋ ಹೊತ್ತಿಗೆ ಬರೀ ಹದಿನೈದು ನಿಮಿಷ. ನೀನು ಕೂರೋದು ಡ್ರಮ್ಮಿನ ಪಕ್ಕ, ನಾಲ್ಕು ಗಂಟೆ. ಮನೆಗೆ ಬಂದ ಮೇಲೆ ಕುಂಯ್ ಅಂತ ಇರುತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಮ್ಯೂಸಿಷಿಯನ್ಸ್‌ಗೇ ಅಂತ ಕಿವಿಗೆ ಹಾಕೋ ಪ್ಲಗ್ ಬರುತ್ತೆ, ತಗೋ, ದುಡ್ಡು ನಾನು ಕಳಿಸ್ತೀನಿ. ಮಂದವಾದ ಕಿವಿಗೆ ಯಾವ ಹಾಡು ಏನು ಅನ್ನಿಸಬೇಕು ಪಾಪ. ಇದೇ ಪೂರ್ತಿ ಕಾರಣ ಅಂತಲ್ಲ, ಇದಲ್ಲ ಅಂತ ನಂಗೂ ಗೊತ್ತು.

ಟೈಪಿಸ್ಟ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದರಲ್ಲಾದ್ರೂ ನಿನಗಿಂತ ಜಾಸ್ತಿ ನಂಗೆ ಗೊತ್ತು. ಮಡಿಕೇರಿಯಲ್ಲಿ ಮಹಡಿ ಮೇಲಿನ ಇನ್‌ಸ್ಟಿಟ್ಯೂಟಲ್ಲಿ ಹನ್ನೆರಡು ಮೆಷಿನ್ನು, ಮೇಡಂ ಸ್ಕೇಲಲ್ಲಿ ಟೇಬಲ್ ಕುಟ್ತಿದ್ರು, ಎ ಎಸ್ ಡಿ ಎಫ್ ಅಂತ ಆದಿತಾಳದ ಲೆಕ್ಕದಲ್ಲಿ ಹೊಡೀತಿದ್ದೆ, ಸಾಲು ಮುಗಿಯೋ ಹತ್ರ ಟಿಂಗ್ ಅಂತ ಗಂಟೆ. ಆಫೀಸಿಗೆ ಸೇರಿದ ಮೇಲೆ ನನ್ನ ಮೆಷಿನ್ನಿನ ಗಂಟೆ ಮೇಲಿನ ಪಂಚಮ ಸ್ವರಕ್ಕೆ ಒಂಚೂರು ಕೆಳಗಿತ್ತು, ಅದನ್ನ ಇಟ್ಕೊಂಡು ಮನಸ್ಸಲ್ಲೇ ಮೋಹನ ರಾಗ ಹಾಡ್ಕೊಳ್ತಿದ್ದೆ, ಎದುರಿಗೆ ಜಮೀನು ತಕರಾರಿನ ಅರ್ಜಿ. ವರ್ಷಗಟ್ಟಲೆ ಏನೂ ಕೇಳಿಸ್ತಿರಲಿಲ್ಲ, ಬರೀ ಕಟಕಟ. ಮಧ್ಯೆ ಯಾವತ್ತೋ ಒಂದು ಮಧ್ಯಾಹ್ನ, ಊಟದ ಬಿಡುವು ಮುಗಿದ ಮೇಲೆ, ಕಿಟಕಿ ಆಚೆ ಮಂಜು ತುಂಬಿರುತ್ತೆ, ಆ ಗಂಟೆ ಹೊಡೆದ ತಕ್ಷಣ ಎಲ್ಲ ವಾಪಸ್ ಬಂದುಬಿಡ್ತಿತ್ತು, ಬೆರಳೆಲ್ಲ ಜುಮ್ ಅಂತ. ಆಮೇಲೆ ಕಂಪ್ಯೂಟರ್ ಬಂತು, ಅದರಲ್ಲಿ ನುಡಿ ಅಂತ ಕನ್ನಡದ ಸಾಫ್ಟ್‌ವೇರು, ಹೆಸರು ನೋಡಿ ನಂಗೆ ನಗು, ನುಡಿಸೋದು ಬಿಟ್ಟವನಿಗೆ ನುಡಿ! ಗಂಟೆ ಹೋಯ್ತು. ಹೇಳೋಕೆ ಹೊರಟಿದ್ದು, ಟೈಪಿಸ್ಟ್ ಕೈಗೂ ಬಂದು ಹೋಗಿ ಮಾಡುತ್ತೆ ಕಣೇ. ನಿನಗಿಂತ ಮೊದಲು ದೊಡ್ಡ ದೊಡ್ಡವರೇ ಹಾರ್ಮೋನಿಯಂನ ಟೈಪ್‌ರೈಟರ್ ಲೆಕ್ಕಕ್ಕೆ ಹಾಕಿದ್ರು, ಸ್ವರವನ್ನ ಬಳುಕಿಸೋ ಗಮಕ ಬರಲ್ಲ ಇದರಲ್ಲಿ ಅಂತ, 1940ರಿಂದ 1971ರವರೆಗೆ ಆಕಾಶವಾಣಿ ಒಳಗೇ ಬಿಟ್ಟಿರಲಿಲ್ಲ. ಅಷ್ಟು ವರ್ಷ ಹೊರಗಿದ್ರೂ ನಾಟಕದವರು, ಭಜನೆಯವರು ನುಡಿಸೋದನ್ನೇನೂ ಬಿಡಲಿಲ್ಲ.

ನಾನು ಬಿಟ್ಟೆ. ಮಾಡಿದ ತಪ್ಪು ಅದು, ಕಂಪನಿಗೆ ಹೋಗದೇ ಇದ್ದದ್ದಲ್ಲ. ಹೋಗಿದ್ರೆ ಆ ಕಂಪನಿಯೇ ಮುಚ್ಚಿ ನಾನು ಯಾವ ಊರಲ್ಲಿ ಇರ್ತಿದ್ನೋ. ಪೂರ್ತಿ ಇಲ್ಲದಿದ್ರೆ ಏನೂ ಬೇಡ ಅಂತ ನನ್ನ ಹಾರ್ಮೋನಿಯಂ ಪೆಟ್ಟಿಗೆ ಕಟ್ಟಿ ಅಟ್ಟಕ್ಕೆ ಹಾಕಿದೆ ನೋಡು, ಒಂದು ಭಜನೆಗೂ ಇಳಿಸಲಿಲ್ಲ. ನಿಮ್ಮಮ್ಮನ ಮದುವೇಲೂ ಕೇಳಿದ್ರು, ಇಲ್ಲ ಅಂದೆ. ಮುಟ್ಟಿದ್ರೆ ಮತ್ತೆ ಬಲ್ಬು ಎಣಿಸ್ತೀನೇನೋ ಅಂತ.

ಇಳಿಸಿದ್ದು 2018ರಲ್ಲಿ. ಆಗಸ್ಟಲ್ಲಿ ಗುಡ್ಡ ಜರಿದಾಗ ನಾವು ಎರಡು ಬ್ಯಾಗ್ ಹಿಡ್ಕೊಂಡು ಮನೆ ಬಿಟ್ಟಿದ್ದು ನೆನಪಿದೆಯಲ್ಲ, ವಾಪಸ್ ಬಂದಾಗ ಅಟ್ಟದ ಸಾಮಾನೆಲ್ಲ ಹೊರಗೆ ಹಾಕಬೇಕಾಯ್ತು. ಪೆಟ್ಟಿಗೆ ಮೇಲೆ ಬಿಳಿ ಬೂಷ್ಟು, ತಿದಿಯ ಮಡಿಕೆ ಇಲಿ ತಿಂದಿದೆ. ಕಣದಲ್ಲಿ ಬಿಸಿಲಿಗಿಟ್ಟು, ತಿದಿಗೆ ಪಟ್ಟಿ ಅಂಟಿಸಿ, ಒತ್ತಿ ನೋಡಿದೆ, ಎಲ್ಲ ಮನೆಯೂ, ಅದೇ ಕೀಗಳು, ಕೆಮ್ಮುತ್ತಾ ಕೂಗಿದ್ವು, ಪಂಚಮ ಮಾತ್ರ ಸತ್ತಿತ್ತು. ರೀಡು ಮುರಿದಿದೆ ಅಂದ್ಕೊಂಡೆ. ಹಲಗೆ ಬಿಚ್ಚಿ ಕನ್ನಡಕ ಹಾಕ್ಕೊಂಡು ನೋಡ್ತೀನಿ, ಹಿತ್ತಾಳೆ ನಾಲಿಗೆಯ ಕೆಳಗೆ ಮಳೆಹುಳದ ಒಂದೇ ಒಂದು ರೆಕ್ಕೆ, ಒಣಗಿ ಕಾಗದದ ಹಾಗಾಗಿದೆ. ಬ್ಲೇಡ್ ತುದಿಯಲ್ಲಿ ನಾಲಿಗೆಯನ್ನ ಕೂದಲೆಳೆಯಷ್ಟು ಎತ್ತಿ ಊದಿದೆ, ಹಾರಿಹೋಯ್ತು. ಪಂಚಮ ಬಂತು. ನಿನ್ನದೂ ಇಷ್ಟು ಸುಲಭ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದ್ರೆ ವಾಟ್ಸಾಪ್ ಫಾರ್ವರ್ಡ್ ಆಗುತ್ತೆ. ನಂಗೆ ಆವತ್ತು ಖುಷಿಗಿಂತ ಹೊಟ್ಟೆ ಉರಿದದ್ದೇ ಹೆಚ್ಚು, 38 ವರ್ಷ ಇದನ್ನ ಬಿಚ್ಚಿಯೇ ನೋಡಲಿಲ್ವಲ್ಲ ಅಂತ.

ಹೋದ ಮೇ ತಿಂಗಳು ಪಕ್ಕದ ತೋಟದವರ ಮದುವೆಗೆ ಹೋಗಿದ್ವಿ. ಕೊಡವರ ಮದುವೆ, ಗಂಗಾಪೂಜೆ ಗೊತ್ತಲ್ಲ ನಿಂಗೆ, ಹುಡುಗಿ ನೀರಿನ ಕೊಡ ಹೊತ್ತು ಹೆಜ್ಜೆ ಹೆಜ್ಜೆ ಬರ್ತಾಳೆ, ಹುಡುಗನ ಕಡೆಯವರು ದಾರಿ ಬಿಡದೆ ಎದುರಿಗೆ ಕುಣೀತಾ ಇರ್ತಾರೆ. ಗಂಟೆಗಟ್ಟಲೆ ವಾಲಗ. ನಾನು ಕುಣಿಯೋರನ್ನ ಬಿಟ್ಟು ವಾಲಗದ ಹಿರಿಯರೊಬ್ಬರ ಮುಖವನ್ನೇ ನೋಡ್ತಾ ನಿಂತೆ. ಮುಖದಲ್ಲಿ ಏನಂದ್ರೆ ಏನೂ ಇಲ್ಲ, ಬಸ್ಸಿಗೆ ಕಾಯೋರ ಥರ. ಆದರೆ ಅವರ ಮುಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ರು ಸೆರಗು ಸಿಕ್ಕಿಸಿ ಕುಣೀತಿದಾರೆ, ಕಣ್ಣಲ್ಲಿ ನೀರು. ಆ ರಾತ್ರಿ ಅವರಿಗೂ ಏನೂ ಅನ್ನಿಸ್ತಿರಲಿಲ್ವೋ ಏನೋ, ನಾನು ಕೇಳೋಕೆ ಹೋಗಲಿಲ್ಲ. ನೀನು ಆ ರಿಸೆಪ್ಷನ್ನಲ್ಲಿ ಟೈಪ್ ಹೊಡೀತಿದ್ದಾಗ ಕೆಳಗೆ ಕೂತೋರಲ್ಲಿ ಯಾರಿಗೆ ಏನಾಯ್ತೋ ನಿಂಗೇನು ಗೊತ್ತು. ಇದರಿಂದ ನಿಂಗೆ ಸಮಾಧಾನ ಆಗಬೇಕು ಅಂತೇನಿಲ್ಲ, ಅವರದ್ದು ಅವರಿಗೆ, ನಿನ್ನದು ನಿಂಗೆ ಬೇಕಲ್ಲ.

ವಾಪಸ್ ಬರದೇ ಇದ್ರೆ? ನಂಗೆ ಗೊತ್ತಿಲ್ಲ ಪುಟ್ಟಿ. ಬರುತ್ತೆ ಅಂತ ಎದೆ ತಟ್ಟಿ ಹೇಳೋಕೆ ನಾನು ಯಾರು, ಹನ್ನೊಂದು ರಾತ್ರಿ ನುಡಿಸಿದವನು. ಹೋಯ್ತು ಅಂತ ತೀರ್ಮಾನ ಮಾಡೋಕೆ ಅವಸರ ಪಡಬೇಡ, ಅಷ್ಟು ಹೇಳಬಲ್ಲೆ. ಕೆಲಸ ಬಿಡಬೇಕು ಅನ್ನಿಸಿದ್ರೆ ದುಡ್ಡಿಗೋ ಮೈ ಕೈ ನೋವಿಗೋ ಬಿಡು, ಈ ಹೆದರಿಕೆಗೆ ಬಿಡಬೇಡ. ಬಿಟ್ರೂ ಕೀಬೋರ್ಡನ್ನ ಮಂಚದ ಕೆಳಗೆ ತಳ್ಳಬೇಡ. ವಾರಕ್ಕೊಂದು ದಿನ ಯಾರೂ ಕೇಳದೇ ಇರೋ, ಯಾರೂ ದುಡ್ಡು ಕೊಡದೇ ಇರೋ ಏನನ್ನಾದ್ರೂ ನುಡಿಸು ಅನ್ನೋಣ ಅಂದ್ಕೊಂಡೆ, ಆದರೆ ವಾರಕ್ಕಿರೋ ಒಂದು ರಜೇಲಿ ಬಟ್ಟೆ ಒಗೀಬೇಕು ನೀನು, ನಂಗೆ ಅರ್ಥ ಆಗುತ್ತೆ.

ಸೀರಿಯಲ್‌ಗೆ ಟ್ಯೂನ್ ಮಾಡಿಕೊಡೋ ವಿಷಯ ಬರೆದಿದ್ಯಲ್ಲ, ಒಂದೇ ಸಲ ದುಡ್ಡು ಕೊಟ್ಟು ಸಹಿ ಹಾಕಿಸ್ಕೊಳ್ತಾರೆ ಅಂತ. ಜೀವಮಾನವಿಡೀ ಬೇರೆಯವರ ಅಗ್ರಿಮೆಂಟ್ ಟೈಪ್ ಮಾಡಿದವನ ಮಾತು ಕೇಳು, ಓದದೆ ಸಹಿ ಹಾಕಬೇಡ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದಾರೆ, ಹಾಡು ಕಟ್ಟಿದವರು ರಾಯಲ್ಟಿಯ ತಮ್ಮ ಪಾಲನ್ನ ಪ್ರೊಡ್ಯೂಸರ್‌ಗೆ ಬರೆದುಕೊಡ್ತೀನಿ ಅಂದ್ರೂ ಕೊಡೋಕಾಗಲ್ಲ, ವಾರಸುದಾರರಿಗೋ, ರಾಯಲ್ಟಿ ವಸೂಲಿ ಮಾಡಿಕೊಡೋ ಐಪಿಆರ್‌ಎಸ್ ಥರದ ಸೊಸೈಟಿಗೋ ಮಾತ್ರ. ಆ ಐಪಿಆರ್‌ಎಸ್‌ಗೆ ಮೆಂಬರ್ ಆಗು. ಟಿಡಿಎಸ್ ಅಂತ ತೆರಿಗೆ ಹಿಡಿದ ದುಡ್ಡಿಗೆ ರಿಟರ್ನ್ ಹಾಕಿದ್ಯಾ? ಹಾಕಿರಲ್ಲ. ಪೇಪರ್ ತಗೊಂಡು ಬಾ, ಕೂತು ಮಾಡೋಣ, ಇದರಲ್ಲೊಂದರಲ್ಲಿ ನಿಮ್ಮ ಮಾವ ಗಟ್ಟಿಗ.

ದಸರಾಗೆ ಬಾ, ಮೆರವಣಿಗೆಯ ಮಂಟಪ ನೋಡೋಕೆ ಅಂತ ನಿಮ್ಮಮ್ಮಂಗೆ ಹೇಳು, ರಾತ್ರಿಯೆಲ್ಲ ಮಡಿಕೇರಿಯ ಚಳೀಲಿ ನಿಲ್ಲೋದೇನೂ ಬೇಡ, ಮನೇಲೇ ಇರು. ತಾತನ ವಿಷಯ ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಸುಂಟಿಕೊಪ್ಪದಲ್ಲಿ ಇಳಿದು ಫೋನ್ ಮಾಡು, ಜೀಪ್ ತರ್ತೀನಿ. ಬರುವಾಗ ನೀನಿರೋ ಊರಲ್ಲಿ ಹಾರ್ಮೋನಿಯಂ ರಿಪೇರಿಯವರ ಹತ್ರ ಮನೆಗಳ ಅಡಿಗೆ ಅಂಟಿಸೋ ಮೆತ್ತನೆ ಚರ್ಮ ಸಿಗುತ್ತೆ, ಒಂದು ಅಡಿ ತಗೊಂಡು ಬಾ. ಈ ಮಳೆಗೆ ಹಳೇದು ಸೆಟೆದುಕೊಂಡು, ತಿದಿ ಒತ್ತಿದ್ರೆ ಸಾಕು, ಎರಡು ಮನೆ ನಾನು ಮುಟ್ಟದೇನೇ ಕೂಗ್ತಾವೆ, ನಿಮ್ಮತ್ತೆ ಬೈತಾಳೆ.

ಮಾವ