ಐದನೇ ವರ್ಷದ ಸ್ಕ್ಯಾನ್ ಮುಗೀತು

ಅಪೆಂಡಿಕ್ಸ್ ಗಡ್ಡೆಯ ಆಪರೇಷನ್ ಆಗಿ ಐದು ವರ್ಷ, ನಿನ್ನೆ ರಿಪೋರ್ಟ್ ಬಂತು. ಹೊಟ್ಟೆಯಲ್ಲಿ ಎಲ್ಲೂ ಲೋಳೆ ಇಲ್ಲ, ಗಡ್ಡೆ ಮತ್ತೆ ಬಂದಿದ್ದರೆ ರಕ್ತದಲ್ಲಿ ಏರಬಹುದಾದ ಸಿಇಎ ಕೂಡ ಏರಿಲ್ಲ. ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. "ಒಂದು ಅಪೆಂಡಿಕ್ಸ್‌ಗೆ ಇಷ್ಟೆಲ್ಲ ಬೇಕಿತ್ತಾ?" ಅಂತ ಈಗಲೂ ಕೇಳುವವರಿಗೆ ಮಾತ್ರ ಇಷ್ಟು: ಅದರೊಳಗಿದ್ದದ್ದು ಲೋಳೆ ಸುರಿಸುವ ಗಡ್ಡೆ, ಒಡೆದು ಹೊಟ್ಟೆ ತುಂಬ ಜೆಲ್ಲಿಯ ಹಾಗೆ ಹರಡಿತ್ತು. ವರ್ಷಕ್ಕೆ ಹತ್ತು ಲಕ್ಷದಲ್ಲಿ 1ರಿಂದ 4 ಜನಕ್ಕೆ ಬರುತ್ತಂತೆ. ಲಾಟರಿ ಹೊಡೆಯೋ ಯೋಗ ಇದ್ದಿದ್ದರೆ ದುಡ್ಡಿನದಾದರೂ ಹೊಡೀಬಾರದಿತ್ತಾ!

ಮೊದಲ ಸ್ಕ್ಯಾನ್‌ನಲ್ಲಿ ಅಂಡಾಶಯದ ಗಡ್ಡೆ ಅಂದಿದ್ದರು. ಹೆಂಗಸರಲ್ಲಿ ಇದು ಎಷ್ಟೋ ಸಲ ಹಾಗೇ ಕಾಣುತ್ತದೆ. ಅದನ್ನು ಅಷ್ಟಕ್ಕೇ ಬಿಡದೆ ಅಪೆಂಡಿಕ್ಸನ್ನು ತುದಿಯಿಂದ ಬುಡದವರೆಗೆ ತುಂಡು ಮಾಡಿ ನೋಡಿದ, ನಾನು ಮುಖವನ್ನೇ ಕಾಣದ ಪೆಥಾಲಜಿ ಡಾಕ್ಟರಿಗೆ ದೊಡ್ಡ ನಮಸ್ಕಾರ. ಹತ್ತು ಗಂಟೆ ನಿಂತು ಹೊಟ್ಟೆ ಚೊಕ್ಕ ಮಾಡಿ, ಅದರೊಳಗೇ ಕಿಮೋ ಔಷಧಿಯನ್ನು ಬಿಸಿ ಮಾಡಿ ಹಾಕಿದ ಸರ್ಜನ್, ರಕ್ತ ಕೊಟ್ಟ ಆಫೀಸಿನವರು, ಮಗಳನ್ನು ಸ್ಕೂಲಿಗೆ ಬಿಟ್ಟ ಪಕ್ಕದ ಮನೆಯವರು, ಅಮ್ಮ, ನನ್ನ ಗಂಡ, ಎಲ್ಲರಿಗೂ.

ಆದರೆ ಇದನ್ನು ಬರೆಯಲು ಕೂತದ್ದು ನನ್ನ ಓರಗಿತ್ತಿಗಾಗಿ. ತೋಟದ ಪಾಲಿನ ಜಗಳದಲ್ಲಿ ನಾವಿಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದೆವು. ಆಪರೇಷನ್ ಆದ ಆರನೇ ರಾತ್ರಿ ಕರುಳು ಇನ್ನೂ ಕದಲಿರಲಿಲ್ಲ. ಮೂಗಲ್ಲಿ ಪೈಪು, ಅದರಲ್ಲಿ ಹಸಿರು ನೀರು, ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತಿತ್ತು. ಗಂಡ ಜ್ವರ ಬಂದು ಮಲಗಿದ್ದರು. ಯಾರೂ ಕರೆಯದೆ ಬಸ್ಸು ಹತ್ತಿ ಬಂದವಳು ಅವಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಒದ್ದೆ ಹತ್ತಿಯಲ್ಲಿ ತುಟಿ ಒರೆಸುವುದು, ಚೀಲದಲ್ಲಿ ಎಷ್ಟು ಎಂಎಲ್ ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುವುದು, ಇಷ್ಟೇ.

ಮೂರು ಗಂಟೆಗೆ ನಾನು ಸೋತುಬಿಟ್ಟೆ. ಸಾಕು, ಸಾಯೋದಾದ್ರೆ ಮನೇಲಿ ಸಾಯ್ತೀನಿ, ಕರ್ಕೊಂಡು ಹೋಗು ಅಂತ ಅತ್ತುಬಿಟ್ಟೆ. ಮಗಳ ನೆನಪೂ ಆಗಲಿಲ್ಲ ಆಗ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳು ಹತ್ತಿ ಹಿಂಡುತ್ತಾ, "ಈಗ ಆಟೋ ಸಿಗಲ್ಲ ಅಕ್ಕ, ಬೆಳಗ್ಗೆ ನೋಡೋಣ" ಅಂದಳು.

ಎಂಟನೇ ದಿನ, ಡಾಕ್ಟರ್ ದಿನಾ ಕೇಳುತ್ತಿದ್ದ ಆ ಗಾಳಿ ಕೊನೆಗೂ ಹೋಯಿತು. ಅವಳು ವಾರ್ಡಿನ ಬಾಗಿಲಲ್ಲೇ ನಿಂತು ಊರಿಗೆಲ್ಲ ಫೋನ್ ಮಾಡಿ ಹೇಳಿದಳು, ಮಾವನಿಗೂ ಸಹ. ಅದೊಂದನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ.